ಗುರುವಾರದ ಕೊರಿಯರ್ ಚೀಟಿ

೧೯೯೮ರ ಫೆಬ್ರವರಿ ಹನ್ನೆರಡು, ಗುರುವಾರ, ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ ಜೂಡಿತ್ ಲಸ್ರಾದೊ ಗಲ್ಫಿನ ಮುಸಫ್ಫಾದ ತಮ್ಮ ಆಫೀಸಿನ ಬಾಗಿಲಲ್ಲಿ ನಿಂತು, ಕೊರಿಯರ್ ಅಹ್ಮದನ ಕೈಗೆ ಪೆನ್ನು ತುರುಕುತ್ತಿದ್ದರು.

“ತಾರೀಕು ಹಾಕಿ ಆಯ್ತಲ್ಲ ಜೂಡಿತಕ್ಕ. ಯಲ್ಲಾ, ಬೇಗ ಬಿಡಿ, ಇನ್ನೂ ನಾಲ್ಕು ಕಡೆ ಹೋಗ್ಲಿಕ್ಕುಂಟು.”

“ಟೈಮ್ ಕೂಡ ಬರಿ ಮಾರಾಯ. ನಿನ್ನ ಕೈ ಏನು ಸವೆದು ಹೋಗುದಿಲ್ಲ.”

ಉಳ್ಳಾಲದ ಅಹ್ಮದ್ ನಗುತ್ತ ಚೀಟಿಯ ಮೇಲೆ ಸಮಯ ಬರೆದು, ಸಹಿ ಹಾಕಿ, ಚೀಟಿಯನ್ನು ಜೂಡಿತರಿಗೆ ಕೊಟ್ಟು, ಲಕೋಟೆ ತೆಗೆದುಕೊಂಡು ಹೊರಟ. ಇದು ಜೂಡಿತರ ಹಳೆಯ ಅಭ್ಯಾಸ. ಮಂಗಳೂರಿನ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ, ಗಡಿಯಾರ ನೋಡದೆ ನೋಟ್‌ಬುಕ್ಕಿನಲ್ಲಿ ಒಂದಕ್ಷರವನ್ನೂ ಬರೆಯಬಾರದೆಂದು ಕಲಿಸಿದ್ದರು. ಪ್ರಯೋಗಾಲಯ ಬಿಟ್ಟು ಇಪ್ಪತ್ತು ವರ್ಷವಾದರೂ ಗಡಿಯಾರ ಬಿಟ್ಟಿರಲಿಲ್ಲ.

ಲಕೋಟೆಯಲ್ಲಿದ್ದದ್ದು ಹ್ಯೂಸ್ಟನ್ನಿನ ಒಂದು ಕಂಪನಿಗೆ ಕಳಿಸಿದ ಒಪ್ಪಿಗೆ ಪತ್ರ. ಇಪ್ಪತ್ತನಾಲ್ಕು ವಾಲ್ವುಗಳನ್ನು ಕೊಡುವ ಪ್ರಸ್ತಾಪವನ್ನು ಆ ಕಂಪನಿಯವರು ಇದೇ ಕೊರಿಯರಿನಲ್ಲಿ ಕಳಿಸಿದ್ದರು. ಗುರುವಾರ ಸಂಜೆ ಐದರೊಳಗೆ, ಹ್ಯೂಸ್ಟನ್ ಸಮಯ, ಬರಹದಲ್ಲಿ ಒಪ್ಪಬೇಕು ಎಂಬುದು ಷರತ್ತು. ಗುತ್ತಿಗೆ ವಿಭಾಗದ ಮುಖ್ಯಸ್ಥರಾದ ಮೈಸೂರಿನ ಶ್ರೀಕಂಠಯ್ಯ ಸಹಿ ಹಾಕಿ, “ಒಂದು ಫ್ಯಾಕ್ಸೂ ಹಾಕಿಬಿಡಿ” ಎಂದು ಹೇಳಿ ಸೈಟಿಗೆ ಹೋಗಿದ್ದರು. ಜೂಡಿತ್ ಆರು ಸಲ ಪ್ರಯತ್ನಿಸಿದರು. ಆರು ಸಲವೂ ಲೈನ್ ಸಿಗಲಿಲ್ಲ. ಅಷ್ಟರಲ್ಲಿ ಗುರುವಾರದ ಅರ್ಧ ದಿನದ ಕೆಲಸ ಮುಗಿದು ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಹೇಗೂ ಲಕೋಟೆ ಹೋಗಿದೆಯಲ್ಲ ಎಂದುಕೊಂಡು ಅವರು ಬಸ್ಸು ಹತ್ತಿದರು. ಫ್ಯಾಕ್ಸ್ ಹೋಗಲಿಲ್ಲವೆಂದು ಶ್ರೀಕಂಠಯ್ಯನವರಿಗೆ ಹೇಳಲಿಲ್ಲ. ಆ ತಪ್ಪು ಜೂಡಿತರದ್ದೇ.

ಶುಕ್ರವಾರ ಇಲ್ಲಿ ರಜೆ, ಅಲ್ಲಿ ಕೆಲಸದ ದಿನ. ಶನಿವಾರ ಬೆಳಿಗ್ಗೆ ಬಂದಾಗ ಫ್ಯಾಕ್ಸ್ ತಟ್ಟೆಯಲ್ಲಿ ಹ್ಯೂಸ್ಟನ್ನಿನ ಎರಡು ಸಾಲು ಬಿದ್ದಿತ್ತು: ಗಡುವಿನೊಳಗೆ ಉತ್ತರ ಬಂದಿಲ್ಲ, ಪ್ರಸ್ತಾಪ ಮುಗಿದಿದೆ.

“ಏನ್ರೀ ಜೂಡಿತ್ ಇದು?” ಶ್ರೀಕಂಠಯ್ಯ ಕಾಗದ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದರು. “ಆ ವಾಲ್ವ್ ಇಲ್ದೆ ಕೆಲಸ ನಿಲ್ಲತ್ತೆ. ನಾಳೆ ಸಂಜೆ ಮಾಲೀಕರು ಬರ್ತಾರೆ. ಕಳಿಸೋ ಹೊಣೆ ಯಾರದ್ದು ಅಂತ ಕೇಳ್ತಾರೆ. ನಾನು ಸುಳ್ಳು ಹೇಳಕ್ಕಾಗಲ್ಲಮ್ಮ.”

“ಸುಳ್ಳು ಹೇಳುದು ಬೇಡ ಸರ್,” ಎಂದರು ಜೂಡಿತ್.

ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ರದ್ದಾದ ಮೇಲೆ ದೇಶ ಬಿಡಲು ಮೂವತ್ತು ದಿನ. ಗಂಡ ತೀರಿಕೊಂಡ ಮೇಲೆ ವಿಶೇಷ ಅನುಮತಿ ಪಡೆದು ಮಗಳು ಆಶ್ಲೆಯ ವೀಸಾವನ್ನೂ ತಮ್ಮದಕ್ಕೇ ಜೋಡಿಸಿಕೊಂಡಿದ್ದರು. ಆಶ್ಲೆಯ ಹತ್ತನೇ ತರಗತಿಯ ಪರೀಕ್ಷೆ ಮುಗಿಯಲು ನಲವತ್ತು ದಿನ ಬೇಕಿತ್ತು. ಮೂವತ್ತರೊಳಗೆ ನಲವತ್ತು ಹಿಡಿಸುವುದಿಲ್ಲ.

ಹಿಂದಿನ ಅಕ್ಟೋಬರಿನಿಂದ ಜೂಡಿತ್ ಅಂಚೆಯ ಮೂಲಕ ಅಮೆರಿಕನ್ ವ್ಯವಹಾರ ಕಾನೂನಿನ ಪಾಠ ತೆಗೆದುಕೊಳ್ಳುತ್ತಿದ್ದರು. ಬಡ್ತಿಗಾಗಿ ಅಲ್ಲ. ಹದಿನಾಲ್ಕು ವರ್ಷ ಕರಾರುಗಳನ್ನು ಟೈಪ್ ಮಾಡಿ, ಅವುಗಳ ಅರ್ಥ ತಿಳಿಯದೆ ಊರಿಗೆ ಹೋಗಲು ಮನಸ್ಸಿರಲಿಲ್ಲ, ಅಷ್ಟೆ. ಆ ಸಂಜೆ ಊಟದ ಮೇಜಿನ ಒಂದು ಬದಿಯಲ್ಲಿ ಆಶ್ಲೆಯ ಭೌತಶಾಸ್ತ್ರ, ಇನ್ನೊಂದು ಬದಿಯಲ್ಲಿ ತಾಯಿಯ ಪಾಠದ ಕಟ್ಟು.

ಮೊದಲ ಪಾಠದಲ್ಲೇ ಇತ್ತು: ಅಮೆರಿಕದ ಕಾನೂನಿಗೆ ಮೂಲಗಳು ನಾಲ್ಕು. ಸಂವಿಧಾನ, ಶಾಸನಸಭೆಗಳ ಕಾಯಿದೆ, ಸರ್ಕಾರಿ ಸಂಸ್ಥೆಗಳ ನಿಯಮ, ನ್ಯಾಯಾಲಯಗಳ ತೀರ್ಪು. ಜೂಡಿತ್ ಕ್ರಮವಾಗಿ ಹುಡುಕಿದರು. ಸಂವಿಧಾನಕ್ಕೆ ಅವರ ವಾಲ್ವುಗಳ ಚಿಂತೆ ಇರಲಿಲ್ಲ. ಸರಕು ಮಾರಾಟದ ಕಾಯಿದೆಯಲ್ಲಿ ಅರ್ಧ ಉತ್ತರ ಸಿಕ್ಕಿತು: ಯುಕ್ತವಾದ ಯಾವ ದಾರಿಯಲ್ಲಾದರೂ ಒಪ್ಪಿಗೆ ಕಳಿಸಬಹುದು. ಒಪ್ಪಿಗೆ ಜಾರಿಗೆ ಬರುವುದು ಕಳಿಸಿದಾಗಲೋ ತಲುಪಿದಾಗಲೋ? ಅದು ಅಲ್ಲಿರಲಿಲ್ಲ. ಸಂಸ್ಥೆಗಳ ನಿಯಮದಲ್ಲೂ ಇಲ್ಲ. ನಾಲ್ಕನೆಯದಾದ ತೀರ್ಪುಗಳಲ್ಲಿತ್ತು. ಇಂಗ್ಲೆಂಡಿನಲ್ಲಿ ಉಣ್ಣೆ ಮಾರುವವನೊಬ್ಬನ ಪತ್ರ ದಾರಿ ತಪ್ಪಿ ತಡವಾಗಿ ಹೋಗಿದ್ದ ಮೊಕದ್ದಮೆ, ೧೮೧೮ರ ತೀರ್ಪು. ಒಪ್ಪಿಗೆಯನ್ನು ಅಂಚೆಗೆ ಹಾಕಿದ ಕ್ಷಣವೇ ಕರಾರು ಆಯಿತು. ಅಮೆರಿಕದ ನ್ಯಾಯಾಲಯಗಳೂ ಅದನ್ನೇ ಹಿಡಿದುಕೊಂಡು ಬಂದಿದ್ದವು.

ಜೂಡಿತ್ ಆ ಸಾಲನ್ನು ಗಟ್ಟಿಯಾಗಿ ಮೂರು ಸಲ ಓದಿದರು.

“ಮಮ್ಮಿ, ಪ್ಲೀಸ್! ಐ ಹ್ಯಾವ್ ಆಪ್ಟಿಕ್ಸ್ ಟೆಸ್ಟ್ ಟುಮಾರೊ,” ಎಂದಳು ಆಶ್ಲೆ.

ಭಾನುವಾರ ಬೆಳಿಗ್ಗೆ ಶ್ರೀಕಂಠಯ್ಯ ಎಲ್ಲವನ್ನೂ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. “ಅಲ್ಲಮ್ಮ, ನಾವಿರೋದು ಮುಸಫ್ಫಾದಲ್ಲಿ. ಅಮೆರಿಕದ ಕಾನೂನು ನಮಗ್ಯಾಕೆ?”

ಜೂಡಿತ್ ಪ್ರಸ್ತಾಪದ ಕಾಗದವನ್ನು ಮಗುಚಿ, ಹಿಂಬದಿಯ ಸಣ್ಣ ಅಕ್ಷರದ ಹತ್ತೊಂಬತ್ತನೇ ಷರತ್ತಿನ ಮೇಲೆ ಬೆರಳಿಟ್ಟರು. ಟೆಕ್ಸಸ್ ರಾಜ್ಯದ ಕಾನೂನು ಅನ್ವಯಿಸುತ್ತದೆ ಎಂದಿತ್ತು. “ಅವರೇ ಹಾಕಿದ್ದು ಸರ್.”

“ಸರಿ. ಸೆಕ್ಷನ್ ನಂಬರ್ ಕೊಡಿ.”

“ಸೆಕ್ಷನ್ ಇಲ್ಲ ಸರ್. ತೀರ್ಪು ಉಂಟು.”

“ಯಾವನೋ ಜಡ್ಜು ಹೇಳಿದ್ದೆಲ್ಲಾ ಕಾನೂನಾ? ಬರೆದಿರೋ ಸೆಕ್ಷನ್ ಬೇಕಮ್ಮ.” ಮೂವತ್ತು ವರ್ಷ ಅನುಭವದ ಎಂಜಿನಿಯರು, ಸಂಖ್ಯೆ ಇಲ್ಲದ ನಿಯಮವನ್ನು ಅವರು ಎಂದೂ ನಂಬಿದವರಲ್ಲ.

ಜೂಡಿತ್ ಕಿಟಕಿಯಾಚೆ ನಿಂತಿದ್ದ ಕಂಪನಿ ಬಸ್ಸಿನತ್ತ ನೋಡಿದರು. “ಸರ್, ಗುರುವಾರ ಒಂದೂ ಮುಕ್ಕಾಲಿಗೆ ಬಸ್ಸು ಬಿಡ್ತದಲ್ಲ, ಅದು ಯಾವ ಸರ್ಕ್ಯುಲರಿನಲ್ಲಿ ಉಂಟು?”

“ಸರ್ಕ್ಯುಲರ್ ಎಲ್ಲಿದೆ? ಹಿಂದೆ ಯಾವಾಗಲೋ ಒಂದ್ಸಲ ಜಗಳ ಆಯ್ತು, ಹಳೇ ಮ್ಯಾನೇಜರ್ ಹೂಂ ಅಂದ್ರು. ಆಮೇಲೆ ಬಂದೋರೆಲ್ಲ ಅದನ್ನೇ…” ಶ್ರೀಕಂಠಯ್ಯ ಅಲ್ಲಿಗೆ ನಿಂತರು. ಕನ್ನಡಕ ತೆಗೆದು ಒರೆಸಿದರು. “ಓಹೋ.”

“ಹಾಗೇ ಸರ್.”

“ಮತ್ತೆ ಕಳಿಸಿದ್ದು ಯಾವಾಗ ಅನ್ನೋದಕ್ಕೆ?”

ಜೂಡಿತ್ ಚೀಟಿ ಮುಂದಿಟ್ಟರು. ಫ್ಯಾಕ್ಸ್ ಹೋಗದ ಮಾತನ್ನೂ ಆಗಲೇ ಹೇಳಿದರು. ಶ್ರೀಕಂಠಯ್ಯ ಬೈಯಲಿಲ್ಲ. “ಅದನ್ನ ಗುರುವಾರವೇ ಹೇಳಬಾರದಿತ್ತಾ?” ಎಂದು ಕೇಳಿ, ಪತ್ರ ಬರೆಯಲು ಕೂತರು.

ಸಂಜೆ ಮಾಲೀಕರಿಗೆ ಚೀಟಿ, ಷರತ್ತು, ಪತ್ರದ ಕರಡು ಮೂರನ್ನೂ ತೋರಿಸಿದರು. ಹ್ಯೂಸ್ಟನ್ನಿನಲ್ಲಿ ಅಂದು ರಜೆ. ಸೋಮವಾರ ಅವರು ಏನನ್ನುತ್ತಾರೋ ನೋಡಿ ಜೂಡಿತರ ವಿಷಯ ತೀರ್ಮಾನಿಸೋಣ ಎಂದರು ಮಾಲೀಕರು. ಪತ್ರ ಆ ರಾತ್ರಿಯೇ ಫ್ಯಾಕ್ಸಿನಲ್ಲಿ ಹೋಯಿತು. ಸೋಮವಾರ ಸಂಜೆ ಆರೂವರೆಗೆ ಹ್ಯೂಸ್ಟನ್ನಿನ ವಕೀಲರ ಫೋನ್ ಬಂತು. ಸ್ಪೀಕರಿನಲ್ಲಿ ಹಾಕಿದರು. ಕಾಲು ಗಂಟೆ ಮಾತಾಯಿತು. ಬುಧವಾರ ಬಂದ ಫ್ಯಾಕ್ಸಿನಲ್ಲಿ ಒಂದೇ ಸಾಲಿತ್ತು: ವಾಲ್ವುಗಳನ್ನು ಕಳಿಸುತ್ತೇವೆ.

ಆಶ್ಲೆ ಪರೀಕ್ಷೆ ಬರೆದಳು. ಜೂಡಿತರ ಮೇಜು ಗುತ್ತಿಗೆ ವಿಭಾಗದ ಒಳಕೋಣೆಗೆ ಬಂತು. ಮುಂದಿನ ಎಂಟು ವರ್ಷ ಆ ಆಫೀಸಿನಿಂದ ಸಮಯ ಬರೆಯದ ಒಂದು ಲಕೋಟೆಯೂ ಹೊರಗೆ ಹೋಗಲಿಲ್ಲ. ೨೦೦೬ರಲ್ಲಿ ಅವರು ಊರಿಗೆ ಹೊರಟಾಗ, ಬೀಳ್ಕೊಡುಗೆಯಲ್ಲಿ ಶ್ರೀಕಂಠಯ್ಯ ಹೊಸಬರಿಗೆ ಹೇಳಿದ್ದು ಆ ಸೋಮವಾರದ ಫೋನಿನ ಮಾತನ್ನೇ. ಎಷ್ಟು ತಡವಾಗಿ ಕಳಿಸಿದಿರಿ ಎಂದು ವಕೀಲರು ಕೇಳಿದ್ದರಂತೆ. ಅಲ್ಲಿಯವರೆಗೆ ಯಾವ ಮೀಟಿಂಗಿನಲ್ಲೂ ಬಾಯಿ ತೆರೆಯದಿದ್ದ ಜೂಡಿತ್ ಫೋನಿನತ್ತ ಬಾಗಿ, ತಡವಾಗಿರಲಿಲ್ಲ, ಲಕೋಟೆ ಕೊರಿಯರಿನವನ ಕೈಗೆ ಹೋದಾಗ ನಿಮ್ಮ ಗಡಿಯಾರದಲ್ಲಿ ಗುರುವಾರ ಬೆಳಗಿನ ಜಾವ ಮೂರು ನಲವತ್ತು ಎಂದರಂತೆ. ಗಡುವಿಗೆ ಇನ್ನೂ ಎಷ್ಟು ಬಾಕಿಯಿತ್ತೆಂದೂ ಹೇಳಿದರಂತೆ: ಹದಿಮೂರು ಗಂಟೆ ಇಪ್ಪತ್ತು ನಿಮಿಷ.