ಬುತ್ತಿ ಕೊಡದ ಹುಡುಗಿ

ಆ ಮಣ್ಣು ಕುಸಿದ ಸದ್ದು ಇನ್ನೂ ನನ್ನನ್ನು ಬಿಟ್ಟಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವಾಗ ಯಾರಾದರೂ ಬೆಂಚು ಎಳೆದರೆ ಮಾತು ನಿಲ್ಲಿಸಿ ಗೋಡೆ ನೋಡುತ್ತೇನೆ. ಆದರೂ ಆ ದಿನ ನೆನೆದರೆ ನಗು ಬರುತ್ತದೆ. ನಮ್ಮನ್ನು ಉಳಿಸಿದ್ದು ಹಸಿವು.

ಹಿರೇಹಡಗಲಿ ದಾರಿಯಲ್ಲಿ ನನ್ನ ಅಣ್ಣನ ಹೊಲ, ಕಪ್ಪು ಮಣ್ಣಿನ ಎರೆ ಭೂಮಿ. ಅದರ ಬದುವಿನಲ್ಲಿ ಕುಡಿಯುವ ನೀರಿನ ಪೈಪಿಗೆಂದು ಎರಡಾಳು ಆಳದ ಕಾಲುವೆ ತೋಡಿದ್ದರು. ಅಣ್ಣನ ಮಗಳು ಪಿಯುಸಿ ಮುಗಿಸಿದ್ದಳು. ಎಂಜಿನಿಯರಿಂಗ್ ಸೀಟಿಗೆ ಯಾವ ವಿಭಾಗ ಬೇಕೆಂದು ಮರುದಿನವೇ ತುಂಬಬೇಕಿತ್ತು. ಅವಳಿಗೆ ಸಿವಿಲ್ ಬೇಕು, ಅಣ್ಣನಿಗೆ ಕಂಪ್ಯೂಟರ್. ಅವಳ ಪರ ಮಾತಾಡಲೆಂದೇ ನಾನು ರಜೆ ಹಾಕಿ ಹೋಗಿದ್ದೆ.

“ಹೆಣ್ಣುಹುಡುಗಿ ಬಿಸಲಾಗ ನಿಂತು ಗಂಡಾಳಿಗೆ ಕೆಲಸ ಹೇಳ್ತಾಳೇನು? ಯಾರು ಕೇಳ್ತಾರ ಆಕಿ ಮಾತು?” ಎಂದ ಅಣ್ಣ.

ಹೊಲದಲ್ಲಿ ನೆರಳಿಗೆ ಒಂದು ಗಿಡವೂ ಇಲ್ಲ. ಮಧ್ಯಾಹ್ನ ಮೇಸ್ತ್ರಿ ಮತ್ತು ಇಬ್ಬರು ಕೆಲಸದವರು ತಂಪಾಗಿದೆಯೆಂದು ಕಾಲುವೆಯೊಳಗೇ ಊಟಕ್ಕೆ ಕೂತರು. ಅಣ್ಣನೂ ಇಳಿದ. ಏಣಿ ಹಿಡಿದು ನಾನೂ ಇಳಿದೆ. ಹುಡುಗಿ ಎಲ್ಲರ ಬುತ್ತಿ ಚೀಲ ತಂದಳು, ಆದರೆ ಕೊಡಲಿಲ್ಲ. ಅಂಚಿಗೆ ಗುಡ್ಡೆ ಹಾಕಿದ್ದ ಮಣ್ಣಿನ ಪಕ್ಕ ಬಗ್ಗಿ ನೋಡಿ, ಬಾಟಲಿಯ ನೀರನ್ನು ಒಂದು ಬಿರುಕಿಗೆ ಸುರಿದಳು.

“ಪೂರಾ ಬಾಟ್ಲಿ ಕುಡೀತು, ಇನ್ನೂ ತುಂಬವಲ್ದು. ಅಂಚು ಬಿಟ್ಕೊಂಡೈತಿ. ಮ್ಯಾಲ ಬರ್ರಿ ಎಲ್ಲಾರೂ.”

“ಎರಿ ಹೊಲ ಅಂದಮ್ಯಾಲ ಬಿರುಕು ಇರ್ತಾವ ತಗಿ. ಬುತ್ತಿ ಕೊಡವ್ವ,” ಎಂದ ಅಣ್ಣ ಕೆಳಗಿನಿಂದ.

“ಬಿಸಲಿನ ಬಿರುಕು ಅಡ್ಡಾದಿಡ್ಡಿ ಇರ್ತಾವಪ್ಪ. ಇದು ಕಾಲುವಿ ಗುಂಟ ನೆಟ್ಟಗ ಹೊಂಟೈತಿ. ಬುತ್ತಿ ಬೇಕಂದ್ರ ಮ್ಯಾಲ ಬಾ.”

“ಏಳ್ರಲೇ, ಮೇಡಮ್ಮಾರು ಊಟ ಬಂದ್ ಮಾಡ್ಯಾರ!” ಮೇಸ್ತ್ರಿ ನಗುತ್ತ ಏಣಿ ಹತ್ತಿದ. ಅವನ ಹಿಂದೆ ಇಬ್ಬರು, ಆಮೇಲೆ ನಾನು. ನಮ್ಮನ್ನೆಲ್ಲ ಅವಳು ದೂರ ಕೂರಿಸಿದಳು. ಅಣ್ಣ ಮಾತ್ರ ಕದಲಲಿಲ್ಲ. ಅವಳು ಎಣ್ಣೆಗಾಯಿ ಡಬ್ಬಿ ತೆರೆದು, ಅವನಿಗೆ ಕೇಳುವಂತೆ ನನಗೆ ಕೂಗಿ ಹೇಳಿದಳು: “ಅತ್ತಿ, ಅಪ್ಪಂದೂ ನೀನ ಉಂಡುಬಿಡು!”

ಅಣ್ಣ ಬೈಯುತ್ತಲೇ ಹತ್ತಿ ಬಂದ. ಅವನು ರೊಟ್ಟಿ ಮುರಿಯುವಷ್ಟರಲ್ಲಿ ಇಡೀ ಅಂಚೇ ಕಾಲುವೆಯೊಳಗೆ ಕುಸಿಯಿತು. ನಾವು ಮೊದಲು ಕೂತಿದ್ದ ಜಾಗದಲ್ಲಿ ಏಣಿಯ ತುದಿ ಗೇಣುದ್ದ ಕಾಣುತ್ತಿತ್ತು. ನಾನು ತಲೆ ಎಣಿಸಿದೆ, ಆರು. ಮತ್ತೆ ಎಣಿಸಿದೆ. ಸುಮ್ಮನೆ ಕೂತಾಗ ಈಗಲೂ ಎಣಿಸುತ್ತೇನೆ. ಮೇಸ್ತ್ರಿ ಎದ್ದು ಹುಡುಗಿಗೆ ಕೈ ಮುಗಿದ. ಅಣ್ಣ ತುತ್ತು ಹಿಡಿದುಕೊಂಡೇ ಕೂತಿದ್ದ.

ಮರುದಿನ ಸೀಟಿನ ಆಯ್ಕೆ ತುಂಬಿಸಲು ಹಡಗಲಿ ಪಟ್ಟಣದ ಕಂಪ್ಯೂಟರ್ ಅಂಗಡಿಗೆ ಮೂವರೂ ಹೋದೆವು.

“ಮೊದಲನೇದು ಕಂಪ್ಯೂಟರ್ ಹಾಕ್ಲೇನ್ರಿ?” ಅಂಗಡಿಯವನು ಕೇಳಿದ.

“ನನ್ನ ಯಾಕ ಕೇಳ್ತಿ? ಆಕೀನ್ನ ಕೇಳು,” ಎಂದ ಅಣ್ಣ.

ಅವಳು ಮೊದಲು ಸಿವಿಲ್ ಹಾಕಿಸಿದಳು, ಆಮೇಲೆ ಪರಿಸರ ಎಂಜಿನಿಯರಿಂಗ್.

“ಇದೇನವ್ವ ಎರಡನೇದು?” ಅಣ್ಣ ಕೇಳಿದ.

“ಕುಡಿಯೋ ನೀರು, ಗಟಾರದ ನೀರು, ಕಸ, ಎಲ್ಲಾ ಅದರಾಗ ಬರ್ತಾವಪ್ಪ.”

ಅಣ್ಣ ಅಂಗಡಿಯವನ ಕಡೆ ತಿರುಗಿದ. “ನಮ್ಮೂರ ಗಟಾರ ನೋಡೀಯಿಲ್ಲೋ? ಒತ್ತಪ್ಪ, ಲಗೂನ ಒತ್ತು!”