ಅಕ್ಕಿ ಡಬ್ಬದೊಳಗಿನ ಕ್ಯಾಮೆರಾ

ಬೂಷ್ಟು ಹಿಡಿದ ಚರ್ಮದ ವಾಸನೆ ಬಂದರೆ ಈಗಲೂ ನನಗೆ ತಡೆಯಲಾಗುವುದಿಲ್ಲ. ಹಳೆಯ ಬೆಲ್ಟೋ, ಮಳೆಗಾಲವೆಲ್ಲ ಮಂಚದ ಕೆಳಗಿದ್ದ ಸೂಟ್‌ಕೇಸೋ, ಯಾವುದಾದರೂ ಸರಿ, ಕೈ ತಾನಾಗಿ ಕರ್ಚೀಫು ಹುಡುಕುತ್ತದೆ. ಮನೆಯವರು "ಬಂತು ನೋಡು ಕ್ಯಾಮೆರಾ ವಾಸನೆ" ಎಂದು ನಗುತ್ತಾರೆ. ನಗಲಿ. ಆ ಕ್ಯಾಮೆರಾವನ್ನು ಒಂಬತ್ತು ವರ್ಷ ಸಾಕಿದವಳು ನಾನು, ಅವರಲ್ಲ.

ಅದನ್ನು ಕೊಟ್ಟವರು ಅಪ್ಪ. ಎಪ್ಪತ್ತರ ದಶಕದ ನಡುಭಾಗ. ಚನ್ನಗಿರಿಯಲ್ಲಿ ನನ್ನ ಮದುವೆಯಾದ ಮಾರನೆಯ ದಿನ. "ಬಂಗಾರ ಎಲ್ಲಾರೂ ಕೊಡ್ತಾರೆ. ನೀನು ನೋಡಿದ್ದನ್ನ ಇಟ್ಕಣಾಕೆ ಇದು ಇರ್ಲಿ" ಎಂದರು. ಎದೆಯ ಮಟ್ಟದಲ್ಲಿ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡುವ ಕಪ್ಪು ಪೆಟ್ಟಿಗೆ. ಒಂದು ರೀಲಿಗೆ ಎಂಟೇ ಚಿತ್ರ. ಕಂದು ಚರ್ಮದ ಚೀಲ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ: ಮಳೆ, ಧೂಳು, ಬಿಸಿಲಿನಿಂದ ದೂರವಿಡಿ. ನಾನು ಅದನ್ನು ಓದಿ ಹೇಳಿದಾಗ ಮೇಷ್ಟರಾಗಿದ್ದ ನನ್ನ ಗಂಡ, "ಮೂರೂ ಇಲ್ಲದ ಊರು ಯಾವ್ದೈತೆ ಹೇಳು, ಅಲ್ಲಿಗೇ ಟ್ರಾನ್ಸ್‌ಫರ್ ಕೇಳ್ತೀನಿ" ಎಂದರು.

ಆ ವಾರವೇ ನ್ಯಾಮತಿಯ ಗಂಡನ ಮನೆಗೆ ಕಾಲಿಟ್ಟೆ. ಮುಂಭಾಗದಲ್ಲಿ ಭಾವನವರ ದಿನಸಿ ಅಂಗಡಿ, ಅದರ ಹಿಂದೆ ಪಡಸಾಲೆ. ಪಡಸಾಲೆಯ ಗೋಡೆಯ ಮೇಲೆ ತೀರಿಕೊಂಡ ಮಾವನವರ ಫೋಟೋ. ಅದಕ್ಕೆ ನಮಸ್ಕಾರ ಮಾಡಲು ಹೇಳಿದರು. ಬಗ್ಗಿ ಎದ್ದು ನೋಡಿದರೆ ಆ ಕಣ್ಣುಗಳು ಏನೋ ಸರಿಯಿಲ್ಲ. ಒಂದು ನನ್ನನ್ನು ನೋಡುತ್ತಿತ್ತು, ಇನ್ನೊಂದು ಬಾಗಿಲಾಚೆಯ ಮೂಟೆಗಳನ್ನು. ಗಲ್ಲದ ಕೆಳಗೆ ಬಿಳಿ ಬಟ್ಟೆಯ ಅಂಚು. ಒಂದು ತಿಂಗಳ ಮೇಲೆ ಗಂಡ ಹೇಳಿದರು, ತಮ್ಮ ಅಪ್ಪ ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಂಡಿರಲಿಲ್ಲವಂತೆ. ಹೋದ ಮೇಲೆ ಬಾಯಿ ಬಿಡದಂತೆ ಗಲ್ಲಕ್ಕೆ ಬಟ್ಟೆ ಕಟ್ಟಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಹೊನ್ನಾಳಿಯ ಸ್ಟುಡಿಯೋದವನನ್ನು ಕರೆಸಿ ತೆಗೆಸಿದ್ದು. ಕಣ್ಣು ಸ್ಟುಡಿಯೋದವನು ಬ್ರಷ್ಷಿನಲ್ಲಿ ಬರೆದದ್ದು.

ನಾನು ಒಂದು ತಿಂಗಳಿಂದ ಬೆಳಗ್ಗೆ ಎದ್ದು ಕೈಮುಗಿದಿದ್ದು ಒಂದು ಹೆಣಕ್ಕೆ. ಆಮೇಲೆ ಗಮನಿಸಿದೆ, ಕೇರಿಯ ಎಷ್ಟೋ ಮನೆಗಳಲ್ಲಿ ಅದೇ. ಅದೇ ಹಾರ, ಅದೇ ಬರೆದ ಕಣ್ಣು. ಬದುಕಿದ್ದಾಗ ತೆಗೆಸಿದರೆ ಆಯುಷ್ಯ ಕಮ್ಮಿಯಾಗುತ್ತದೆ ಎಂಬ ಭಯ. ಸತ್ತ ಮೇಲೆ ಭಯವಿಲ್ಲ ನೋಡಿ. ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ನನ್ನ ಅತ್ತೆಯನ್ನು, ಕೂತಲ್ಲೇ ಹಾಡಿಕೊಂಡು ಅಕ್ಕಿ ಆರಿಸುವ ಆ ಹೆಂಗಸನ್ನು, ನಾನು ಈ ಗೋಡೆಯ ಮೇಲೆ ಹೆಣವಾಗಿ ನೋಡುವುದಿಲ್ಲ. ಅವರ ಒಂದು ಜೀವಂತ ಫೋಟೋ ತೆಗೆದೇ ತೆಗೆಯುತ್ತೇನೆ.

"ನಿನ್ನ ಡಬ್ಬಿ ನನ್ನ ಕಡೆ ತಿರುಗಿಸ್ಬ್ಯಾಡವ್ವ, ಕಾನ್ವೆಂಟಮ್ಮ" ಎಂದರು ಅತ್ತೆ. "ನಾನು ಇನ್ನಾ ನಾಕು ದಿನ ಇರ್ಬೇಕು."

ಹಾಗಾಗಿ ಕಾಯಬೇಕಾಯಿತು. ಅವರ ಮನಸ್ಸು ಬದಲಾಗುವವರೆಗೆ ಕ್ಯಾಮೆರಾ ಬದುಕಿರಬೇಕಾಯಿತು.

ಮೊದಲು ಜಗಳೂರು. ಗಂಡನಿಗೆ ಅಲ್ಲಿ ಸ್ಕೂಲು. ಬಸ್ಸಿನ ರಸ್ತೆಯ ಮೇಲೇ ಬಾಡಿಗೆ ಮನೆ. ಧೂಳೆಂದರೆ ಎಂಥ ಧೂಳು! ಬೆಳಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಹಾಲಿನ ಕೆನೆಯ ಮೇಲೆ, ತಲೆದಿಂಬಿನ ಮೇಲೆ, ಹಲ್ಲಿನ ಸಂದಿಯಲ್ಲಿ ಧೂಳು. ಶೇಂಗಾ ಒಕ್ಕಣೆಯ ದಿನಗಳಲ್ಲಿ ಅದಕ್ಕೆ ಹೊಟ್ಟೂ ಸೇರಿ ಉಗುಳಿದರೆ ಕೆಸರು. ನಾನು ಓದಿದ ಶಿವಮೊಗ್ಗದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಸಿಸ್ಟರುಗಳು ದಿನಾ ನಮ್ಮ ಉಗುರು ನೋಡುತ್ತಿದ್ದರು. ಜಗಳೂರಿನಲ್ಲಿ ನನ್ನ ಉಗುರು ನಾನೇ ನೋಡಿಕೊಳ್ಳುವುದು ಬಿಟ್ಟೆ.

ಕ್ಯಾಮೆರಾಕ್ಕೆ ಮೂರು ಹೊದಿಕೆ ಮಾಡಿದೆ. ನನ್ನ ಹಳೆಯ ಮಲ್ ಸೀರೆಯನ್ನು ಹತ್ತು ಸಲ ಒಗೆದು ಮೆತ್ತಗಾದ ಮೇಲೆ ಒಂದು ಚೀಲ ಹೊಲಿದೆ. ಅದರ ಮೇಲೆ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರು. ಅದನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು ಮುಚ್ಚಳದ ಸುತ್ತ ಗಾಯಕ್ಕೆ ಹಾಕುವ ಪ್ಲಾಸ್ಟರ್ ಸುತ್ತಿದೆ. ಒಳಗಿನ ಧೂಳು ಊದಲು ಬಾಯಿ ಬಳಸಬಾರದು, ಎಂಜಲ ಹನಿ ಗಾಜಿಗೆ ಕೂರುತ್ತದೆ. ಅದಕ್ಕೆಂದು ಮೆಡಿಕಲ್ ಸ್ಟೋರಿನಲ್ಲಿ ಒಂದು ರಬ್ಬರ್ ಉಂಡೆ ಕೇಳಿದೆ, ಒತ್ತಿದರೆ ತುದಿಯಿಂದ ಗಾಳಿ ಬರುತ್ತದಲ್ಲ, ಅದು.

"ಯಾರಿಗ್ರೀ ಅಕ್ಕಾರೆ? ಕೂಸಿನ ಮೂಗಿಗೋ, ದೊಡ್ಡೋರ ಹೊಟ್ಟೆ ಕಟ್ಟಿರೋದಕ್ಕೋ?" ಎಂದು ಅಂಗಡಿಯವರು ಇಡೀ ಬೀದಿಗೆ ಕೇಳುವ ಹಾಗೆ ಕೇಳಿದರು.

"ಕ್ಯಾಮೆರಾಕ್ಕೆ" ಎಂದೆ.

"ಅದಕ್ಕೂ ಕಟ್ಟತೈತಾ?"

ಇದೆಲ್ಲ ಸಹಿಸಬಹುದಿತ್ತು. ಆದರೆ ಒಮ್ಮೆ ಶೇಂಗಾ ಖರೀದಿಗೆಂದು ಬಂದ ಭಾವನವರು ನಮ್ಮಲ್ಲಿ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, "ಎಲ್ಲಿ ತರ್ರಿ ನಿಮ್ಮ ಡಬ್ಬಿ, ನೋಡಾನ" ಎಂದರು. ಕೊಟ್ಟೆ. ಗಾಜಿನ ಮೇಲೆ ಒಂದು ಧೂಳಿನ ಕಣ ಕಂಡಿತೇನೋ. ನಾನು ಬೇಡ ಎನ್ನುವಷ್ಟರಲ್ಲಿ ಲೆನ್ಸಿನ ಮೇಲೆ ಥುಪ್ ಎಂದು ಉಗುಳಿ ಪಂಚೆಯ ಚುಂಗಿನಿಂದ ತಿರುಗಿಸಿ ತಿರುಗಿಸಿ ಉಜ್ಜಿದರು. "ನೋಡ್ರಿ, ಈಗ ಹೆಂಗೆ ಫಳಫಳ ಅಂತೈತೆ!" ಗಾಜಿನ ಅಂಚಿನಲ್ಲಿ ಕೆಂಪು ರಸ ತೆಳ್ಳಗೆ ನಿಂತಿತ್ತು. ಅದರಲ್ಲಿ ಅಡಿಕೆಯ ಒಂದು ಚೂರು.

ಒಳಗೆ ಹೋಗಿ ಕೈ ತೊಳೆದುಕೊಂಡೆ. ಉಗುಳಿದ್ದು ನನ್ನ ಕೈಯ ಮೇಲಲ್ಲ, ಆದರೂ ಎರಡು ಸಲ ತೊಳೆದೆ. ಆಮೇಲೆ ಅರ್ಧ ದಿನ ಕಡ್ಡಿಗೆ ಹತ್ತಿ ಸುತ್ತಿ ಆ ಅಂಚನ್ನು ಬಿಡಿಸಿದೆ. ಬಂದವರು ಯಾರೇ ಕೇಳಿದರೂ ಅಂದಿನಿಂದ "ಕ್ಯಾಮೆರಾ ಕೆಟ್ಟೈತೆ" ಎಂದು ಸುಳ್ಳು ಹೇಳಲು ಕಲಿತೆ. ಸುಳ್ಳು ಹೇಳಿದ್ದಕ್ಕೆ ಬೇಸರವಾಗಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಗಂಡನಿಗೆ ನ್ಯಾಮತಿಗೇ ವರ್ಗವಾಗಿ, ನಾವು ಅತ್ತೆಯ ಮನೆಗೆ ಬಂದೆವು. ಧೂಳಿನ ಕಾಟ ಹೋಯಿತು, ಮಳೆಯದು ಬಂತು. ಅಂಗಡಿಯ ಒದ್ದೆ ಗೋಣಿಚೀಲಗಳ ನಾತ ಪಡಸಾಲೆಯವರೆಗೂ. ಹದಿನೈದು ದಿನ ತೆಗೆಯದೆ ಇಟ್ಟಿದ್ದ ಚರ್ಮದ ಚೀಲ ಬಿಚ್ಚಿದರೆ ಅದರ ಮೇಲೆಲ್ಲ ಹಸಿರು ಬಿಳಿ ತುಪ್ಪಟ. ಮುಟ್ಟಿದರೆ ಜಾರುತ್ತದೆ, ಬೆರಳಿಗೆ ಅಂಟುತ್ತದೆ. ಆ ವಾಸನೆ ನನ್ನ ಮೂಗಿಗೆ ಹತ್ತಿದ್ದು ಆಗಲೇ. ಲೆನ್ಸಿನ ಒಳಮೈಯಲ್ಲಿ ಜೇಡನ ಕಾಲಿನಂಥ ಎರಡು ಎಳೆ ಬೂಷ್ಟು. ಚೀಲವನ್ನು ಹೊರಗೆಸೆದೆ. ಎಳೆಗಳನ್ನು ಒರೆಸಿದೆ. ಆಮೇಲೆ ಸೇರು ಅಕ್ಕಿಯನ್ನು ಬಾಣಲೆಯಲ್ಲಿ ಕಪ್ಪಗಾಗುವಷ್ಟು ಹುರಿದು, ಆರಿಸಿ, ಬಟ್ಟೆಯ ಗಂಟು ಕಟ್ಟಿ ಡಬ್ಬದ ತಳಕ್ಕಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದೆ. ಹುರಿದ ಅಕ್ಕಿ ತೇವ ಎಳೆದುಕೊಳ್ಳುತ್ತದೆ. ಎಂಟು ದಿನಕ್ಕೊಮ್ಮೆ ಬಾಣಲೆಗೆ ಹಾಕಿ ಮತ್ತೆ ಬಿಸಿ ಮಾಡಿದರಾಯಿತು. ಎರಡು ಮಳೆಗಾಲ ಹಾಗೇ ಕಳೆಯಿತು.

ಮೂರನೆಯ ಮಳೆಗಾಲದಲ್ಲಿ ಎದುರು ಮನೆಯ ಅಜ್ಜಿ ತೀರಿಕೊಂಡರು. ಅತ್ತೆಯ ಗೆಳತಿ. ಅಂಗಳದಲ್ಲಿ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊನ್ನಾಳಿಯಿಂದ ಸ್ಟುಡಿಯೋದವನು ಬಂದು ಕ್ಯಾಮೆರಾ ನಿಲ್ಲಿಸಿದ, ಅಷ್ಟರಲ್ಲಿ ಮಳೆ ಹನಿಯಿತು. "ಛತ್ರಿ, ಛತ್ರಿ! ಕ್ಯಾಮೆರಾಕ್ಕೆ ಯಾರಾದ್ರೂ ಹಿಡೀರ್ರೀ! ನೀರು ಬಿದ್ರೆ ಮುಗೀತು!" ಎಂದು ಕೂಗಿದ.

ನನ್ನ ಕೈಯಲ್ಲಿ ಛತ್ರಿಯಿತ್ತು. ಯೋಚಿಸಲೇ ಇಲ್ಲ. ಒಂಬತ್ತು ವರ್ಷದ ಅಭ್ಯಾಸ, ಎರಡು ಹೆಜ್ಜೆಯಲ್ಲಿ ಹೋಗಿ ಅವನ ಕ್ಯಾಮೆರಾದ ಮೇಲೆ ಹಿಡಿದೆ, ಒಂದು ಹನಿಯೂ ಬೀಳದ ಹಾಗೆ ವಾಲಿಸಿ. ಆಮೇಲೆ ಎದುರಿಗೆ ನೋಡಿದೆ. ಅಜ್ಜಿ ನೆನೆಯುತ್ತಿದ್ದರು. ವಿಭೂತಿ ಕರಗಿ ಹುಬ್ಬಿನಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲದ ಬಟ್ಟೆಗೆ ಬೂದಿ ನೀರಾಗಿ ಇಳಿಯುತ್ತಿತ್ತು. ಮೂಗಿನ ಹತ್ತಿ ಉಬ್ಬಿತ್ತು. "ಸ್ವಲ್ಪ ಮುಖ ಒರೆಸ್ರಿ, ಮಿಂಚತೈತೆ" ಎಂದ ಅವನು. ಯಾರೋ ಒರೆಸಿದರು. ಛತ್ರಿ ಮಾತ್ರ ಕ್ಯಾಮೆರಾದ ಮೇಲೇ ಇತ್ತು, ನನ್ನ ಕೈಯಲ್ಲೇ. ಭಾವನವರ ಉಗುಳಿಗೆ ಎರಡು ಸಲ ಕೈ ತೊಳೆದವಳು ನಾನು. ಆ ಹೊತ್ತು ನನ್ನ ಮೇಲೆ ನನಗೆ ಬಂದ ಹೇಸಿಗೆಯನ್ನು ಎಷ್ಟು ಸಲ ತೊಳೆಯಬೇಕೋ ಗೊತ್ತಾಗಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. ಮಣ್ಣು ಮಾಡಿ ಬಂದು ಸ್ನಾನವಾದ ಮೇಲೆ ನನ್ನನ್ನು ಕರೆದು, "ನನ್ನ ಹಂಗೆ ಕುಂದ್ರಿಸಿ ತೆಗಿಸ್ಬ್ಯಾಡ್ರವ್ವ" ಎಂದರು. "ಮಳೆ ನಿಂತ ದಿನ ನೀನೇ ತೆಗಿ. ಒಂದು. ಒಂದೇ ಒಂದು."

ನಾಲ್ಕನೆಯ ದಿನ ಮಳೆ ನಿಂತು ಹೊಳವಾಯಿತು. ಅತ್ತೆ ಹಸಿರು ಇಳಕಲ್ ಸೀರೆಯುಟ್ಟು ಹಿತ್ತಲಿನ ಕಲ್ಲಿನ ಮೇಲೆ ಕೂತರು. ನಾನು ಡಬ್ಬದ ಪ್ಲಾಸ್ಟರ್ ಬಿಡಿಸಿ ಮುಚ್ಚಳ ತೆಗೆದೆ. ಕರಿ ಅಕ್ಕಿಯ ಗಂಟಿಲ್ಲ. ಬಿಳಿ ಅಕ್ಕಿ, ಬಟ್ಟೆಯೂ ಇಲ್ಲದೆ, ಕ್ಯಾಮೆರಾದ ಕುತ್ತಿಗೆಯವರೆಗೆ. ಅದರ ತುಂಬ ಹುಳ. ಕಪ್ಪನೆಯ, ಮೂತಿ ಉದ್ದವಾದ ಅಕ್ಕಿಹುಳ, ಲೆನ್ಸಿನ ಮೇಲೆ, ಗುಂಡಿಗಳ ಮೇಲೆ, ಮಲ್ ಬಟ್ಟೆಯ ಮಡಿಕೆಯಲ್ಲಿ.

"ಇದು ಯಾರು ಹಾಕಿದ್ದು?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನಾನೇ ಕಣವ್ವ" ಎಂದರು ಅತ್ತೆ, ಹೆಮ್ಮೆಯಿಂದ. "ಮೊನ್ನೆ ನೋಡ್ದೆ, ಸುಟ್ಟಕ್ಕಿ ಇಟ್ಟಿದ್ದೆ. ಮನೇಲಿ ಸುಟ್ಟ ಅಕ್ಕಿ ಇಡಬಾರ್ದು, ಅನಿಷ್ಟ. ಅದನ್ನ ಚೆಲ್ಲಿ ಅಂಗಡಿ ಮೂಟೆಯಿಂದ ಒಳ್ಳೆ ಅಕ್ಕಿ ತುಂಬಿಸ್ದೆ. ನೀನು ಸೇರು ಹಾಕಿದ್ದೆ, ನಾನು ಎರಡು ಸೇರು ಹಾಕೀನಿ."

ಕ್ಯಾಮೆರಾ ಎತ್ತಿ ಬುಡಮೇಲು ಮಾಡಿ ಕೊಡವಿದೆ. ರಬ್ಬರ್ ಉಂಡೆಯಿಂದ ಊದಿದೆ. ತೌಡಿನ ಪುಡಿ ಹಾರಿತು, ಹುಳ ಉದುರಿದವು, ಒಂದು ನನ್ನ ತೋಳು ಹತ್ತಿತು. ನೆರಳಲ್ಲಿ ಕೂತು, ಹಿಂಬದಿ ತೆಗೆದು, ಒಳಗೆ ನೋಡಿ, ಮತ್ತೆ ಊದಿ, ರೀಲು ಹಾಕಿದೆ. ಪಡುವಣದಲ್ಲಿ ಮತ್ತೆ ಮೋಡ. "ಆತೇನವ್ವ? ಬೆನ್ನು ನೋಯ್ತೈತೆ" ಎಂದರು ಅತ್ತೆ, ಮತ್ತು ಅಂದ ಮೇಲೆ ಯಾಕೋ ನಕ್ಕರು. ಅದೇ ಗಳಿಗೆ ಒತ್ತಿದೆ.

ಉಳಿದ ಏಳನ್ನು ತುಳಸಿ ಕಟ್ಟೆ, ಬಾವಿಯ ರಾಟೆ ಎಂದು ಮುಗಿಸಿ ರೀಲನ್ನು ಹೊನ್ನಾಳಿಗೆ ಕಳಿಸಿದೆ. ಚಿತ್ರ ತರಲು ಗಂಡನ ಜೊತೆ ನಾನೂ ಹೋದೆ. ಸ್ಟುಡಿಯೋದವನು ಮೇಜಿನ ಮೇಲೆ ಹರಡಿ, ಅತ್ತೆಯದನ್ನು ನನ್ನ ಕಡೆ ತಳ್ಳಿದ. ಅತ್ತೆ ನಗುತ್ತಿದ್ದರು. ಬಲಗೆನ್ನೆಯ ಮೇಲೆ ಕಪ್ಪಗೆ ಒಂದು ಹುಳ. ಆರು ಕಾಲು, ಉದ್ದ ಮೂತಿ, ಎಲ್ಲ ಸ್ಪಷ್ಟ. ಫಿಲ್ಮಿನ ಮೇಲೇ ಕೂತಿತ್ತು. ಮುಂದಿನ ಚಿತ್ರದಲ್ಲಿ ತುಳಸಿ ಕಟ್ಟೆ ಹತ್ತಿತ್ತು, ಮೂರನೆಯದರಲ್ಲಿ ಬಾವಿಯ ಅಂಚಿನಲ್ಲಿತ್ತು. ಅಂದರೆ ನಾನು ಒತ್ತಿದಾಗ ಅದು ಜೀವಂತವಾಗಿ ಅತ್ತೆಯ ಮುಖದ ಮೇಲೆ ನಡೆಯುತ್ತಿತ್ತು.

"ಅದಕ್ಯಾಕೆ ಮುಖ ಕಿವುಚ್ತೀರಿ ಅಕ್ಕಾರೆ? ಬ್ರಷ್ ಆಡಿಸ್ತೀನಿ, ಹೋಗ್ತೈತೆ" ಎಂದ ಅವನು. "ಸತ್ತೋರ ಕಣ್ಣೇ ಬಿಡಿಸೀನಿ, ಹುಳ ಯಾವ ಲೆಕ್ಕ?"

ಅವನ ಬ್ರಷ್ಷುಗಳು ಒಂದು ಗ್ಲಾಸಿನಲ್ಲಿದ್ದವು, ಕೂದಲು ಅಂಟಿಕೊಂಡು. ಮಾವನವರ ಮೆಳ್ಳಗಣ್ಣು ಬರೆದದ್ದು ಅದರಲ್ಲೇ ಒಂದಿರಬೇಕು. ಅದು ಅತ್ತೆಯ ಕೆನ್ನೆ ಮುಟ್ಟುವುದು ಬೇಡ. "ಹಂಗೇ ಕೊಡಿ" ಎಂದೆ.

ಮನೆಗೆ ತಂದು ಅಳುಮುಖದಲ್ಲಿ ತೋರಿಸಿದೆ. ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಾನು ಹಿಂಗೆ ನಗ್ತೀನಾ?" ಎಂದರು. ಆಮೇಲೆ ಕಪ್ಪಿನ ಮೇಲೆ ಬೆರಳಿಟ್ಟು, "ಇದೊಳ್ಳೇದಾತು ಬಿಡು. ದೃಷ್ಟಿಬೊಟ್ಟು ಇಟ್ಟಂಗೈತೆ. ಇನ್ನು ಆಯುಷ್ಯಕ್ಕೆ ಏನೂ ಆಗಂಗಿಲ್ಲ."

ಆಮೇಲೆ ಐದು ವರ್ಷ ಇದ್ದರು. ಹೋದ ದಿನ, ಅಂಗಳದಲ್ಲಿ ಬೆಂಚು ಹಾಕಿಸಿ ಭಾವನವರು ಹೊನ್ನಾಳಿಗೆ ಆಳು ಕಳಿಸಲು ಹೊರಟರು. ನಾನು ಅವರೆದುರು ನಿಂತು ಮಾತಾಡಿದವಳೇ ಅಲ್ಲ. ಟ್ರಂಕಿನಿಂದ ಫೋಟೋ ತಂದು ಕೈಗೆ ಕೊಟ್ಟೆ. "ಸ್ಟುಡಿಯೋದೋರು ಬ್ಯಾಡ ಭಾವ. ಕುಂದ್ರಿಸಿ ತೆಗಿಸ್ಬ್ಯಾಡ್ರಿ ಅಂದಿದ್ರು ಅತ್ತೆ. ಇದನ್ನೇ ಹಾಕ್ರಿ."

"ಹುಳ ಕುಂತಿರೋ ಫೋಟೋ ಗೋಡೆಗೆ ಹಾಕ್ತಾರೇನ್ರೀ?"

"ಅವರು ಅದನ್ನ ದೃಷ್ಟಿಬೊಟ್ಟು ಅಂದ್ರು."

ಭಾವನವರು ಫೋಟೋ ನೋಡಿದರು. ತಾಯಿಯ ನಗು ನೋಡಿದರು. ಮೂಗು ಸೀಟಿ ಆ ಕೈಯನ್ನು ಪಂಚೆಗೆ ಒರೆಸಿ, ಅದೇ ಕೈಯಲ್ಲಿ ಫೋಟೋದ ಅಂಚು ಹಿಡಿದರು. ನಾನು ಕಣ್ಣು ಮುಚ್ಚಿಕೊಂಡೆ. "ಆಳು ಹೋಗೋದು ಬ್ಯಾಡ" ಎಂದದ್ದು ಕೇಳಿಸಿತು.

ಅದು ಈಗ ಮಾವನವರ ಪಕ್ಕದಲ್ಲಿದೆ. ನೋಡಿದವರು ಅಜ್ಜಿಗೆ ಎಂಥ ಚೆಂದದ ಮಚ್ಚೆ ಎನ್ನುತ್ತಾರೆ. ನಾನು ತಿದ್ದುವುದಿಲ್ಲ. ಪ್ರತಿ ಸೋಮವಾರ ಮಲ್ ಬಟ್ಟೆಯಿಂದ ಗಾಜು ಒರೆಸುತ್ತೇನೆ, ಹಣೆಯಿಂದ ಶುರುಮಾಡಿ, ಮೂಗು, ತುಟಿ, ಗಲ್ಲ. ಬಲಗೆನ್ನೆಯ ಹತ್ತಿರ ಬಂದಾಗ ಮಾತ್ರ ಬೆರಳು ಎತ್ತಿ ಆ ಆರು ಕಾಲುಗಳನ್ನು ದಾಟಿಸುತ್ತೇನೆ.