ಗಿರಿಜಕ್ಕ ಓದಿ ಮುಗಿಸುವವರೆಗೆ

ಗುಬ್ಬಿಯ ರುದ್ರೇಶಣ್ಣ ಮದುವೆ ವಿಡಿಯೊ ಮಾಡಿದರೆ ಅದರಲ್ಲಿ ತಾಳಿ ಕಟ್ಟುವುದು ಮುಹೂರ್ತ ಮೀರಿದ ಮೇಲೆಯೇ. ಅಷ್ಟು ಹೊತ್ತು ಟೈಟಲ್ ಓಡುತ್ತಿತ್ತು. ಹೆಬ್ಬೂರಿನವರಾದರೆ ತೆಂಗಿನ ಗರಿ ಸರಿದು ವಧೂವರರ ಹೆಸರು ಕಾಣಬೇಕು. ಕುಣಿಗಲ್ ಕಡೆಯವರಾದರೆ ಕುದುರೆಯೊಂದು ಓಡಿಬಂದು ಹೆಸರನ್ನು ಎಳೆದು ತರಬೇಕು. ಅದರ ಹಿಂದೆ ಸೋದರಮಾವಂದಿರು, ದೊಡ್ಡಪ್ಪಂದಿರು, ಚಪ್ಪರ ಹಾಕಿದವರು, ಎಲ್ಲರ ಹೆಸರೂ. "ಟೈಟಲ್ ನೋಡ್ತಿದ್ದಂಗೇ ಇದು ಯಾರ ಮನೆ ಮದ್ವೆ ಅಂತ ಗೊತ್ತಾಗ್ಬೇಕು. ಇಲ್ದಿದ್ರೆ ಅದು ಬರೀ ಅಕ್ಷರ ಕಣೋ" ಎನ್ನುತ್ತಿದ್ದರು.

ನಾನು ಎಡಿಟಿಂಗ್ ಕಲಿತದ್ದು ಅವರ ಸ್ಟುಡಿಯೊದಲ್ಲಿ. ಸೇರಿದ ಹೊಸತರಲ್ಲಿ ಬುದ್ಧಿವಂತಿಕೆ ತೋರಿಸಲು ಹೋಗಿ ಹೆಸರುಗಳನ್ನೆಲ್ಲ ಸರಸರನೆ ಓಡಿಸಿದ್ದೆ. ಅಣ್ಣ ಬೈಯಲಿಲ್ಲ. ಹಿಂದಿನ ಮನೆಯಿಂದ ಹೆಂಡತಿ ಗಿರಿಜಕ್ಕನನ್ನು ಕರೆದು ಸ್ಕ್ರೀನ್ ಮುಂದೆ ಕೂರಿಸಿದರು. ಮದುವೆಯಾದ ಮೇಲೆ ಗಂಡನ ಟೈಟಲ್‌ಗಳನ್ನು ನೋಡಿಯೇ ಅಕ್ಷರ ಕಲಿತವರು ಅವರು. "ಮೃ... ತ್ಯುಂ... ಜ..." ಎನ್ನುವಷ್ಟರಲ್ಲಿ ನನ್ನ ಮೃತ್ಯುಂಜಯಪ್ಪ ಮಾಯವಾಗಿದ್ದರು. "ನೋಡ್ದಾ? ಇವ್ಳು ಓದಿ ಮುಗ್ಸೋಗಂಟ ಹೆಸ್ರು ಅಲ್ಲಾಡ್ಬಾರ್ದು" ಎಂದರು ಅಣ್ಣ. ಸ್ಟುಡಿಯೊಗೆ ಇದ್ದ ಕಾನೂನು ಅದೊಂದೇ.

ಗಿರಿಜಕ್ಕ ಎಂಥ ಒತ್ತಕ್ಷರಕ್ಕೂ ಹೆದರುತ್ತಿರಲಿಲ್ಲ, ಆದರೆ ಗಂಡನ ಹೆಸರನ್ನು ಮಾತ್ರ ಬಾಯಲ್ಲಿ ಹೇಳುತ್ತಿರಲಿಲ್ಲ. ಯಾರದೋ ಮದುವೆಯಲ್ಲಿ ಇನ್ಯಾವನೋ ರುದ್ರೇಶ ಬಂದರೂ "ನಮ್ಮನೆಯವ್ರ ಹೆಸ್ರಿನೋರು" ಎಂದು ದಾಟಿಸಿಬಿಡುತ್ತಿದ್ದರು. ಅವರ ಬಾಯಲ್ಲಿ ಒಮ್ಮೆ ತನ್ನ ಹೆಸರು ಕೇಳಬೇಕೆಂಬುದು ಅಣ್ಣನ ಆಸೆ. ಕಾಡಿದರೆ ಅಕ್ಕ, "ಟಾಕೀಸಿನ ದೊಡ್ ಪರದೆ ಮೇಲೆ ಬರ್ಲಿ, ಓದ್ತೀನಿ" ಎಂದು ನಗುತ್ತಿದ್ದರು.

ಆ ಕಾಲವೂ ಬಂತು. ಕುಣಿಗಲ್ ಕೆರೆ ಏರಿಯ ಮೇಲೆ ಸಿನಿಮಾ ತೆಗೆದ ಹುಡುಗರು ಟೈಟಲ್ ಮಾಡಿಕೊಡಿ ಎಂದು ಬಂದರು. ಅಣ್ಣ ಊಟ ನಿದ್ದೆ ಬಿಟ್ಟು ಕೂತರು. ಕೆರೆಯಿಂದ ಎಮ್ಮೆ ಎದ್ದು ಬರುವ ಹಾಗೆ ಅಕ್ಷರಗಳು ಮೈ ಕೊಡವಿಕೊಂಡು ಮೇಲೆ ಬರುತ್ತಿದ್ದವು. "ನಿಮ್ಮ ಹೆಸ್ರು ಹಾಕ್ಕೊಳ್ಳಿ" ಎಂದು ನೆನಪಿಸಿದೆ. "ಬಡಿಸೋನು ಕೊನೇ ಪಂಕ್ತೀಲಿ ಕೂರೋದು ಕಣೋ. ಎಲ್ರುದೂ ಆಗ್ಲಿ" ಎಂದರು.

ತುಮಕೂರಿನ ಟಾಕೀಸಿಗೆ ಎಲ್ಲರೂ ಹೋದೆವು. ಗಿರಿಜಕ್ಕ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದತೊಡಗಿದರು. "ಅಕ್ಕಾ, ನಮ್ಗೂ ಓದೋಕ್ ಬರುತ್ತೆ" ಎಂದ ಹಿಂದಿನವನಿಗೂ ಜಗ್ಗಲಿಲ್ಲ. ತಿಂಡಿ ಒದಗಿಸಿದವರ ಹೆಸರು ಬಂತು, ನಿರ್ದೇಶಕನ ಹೆಸರು ಬಂತು, ಸಿನಿಮಾ ಶುರುವಾಯಿತು.

"ನಿಮ್ದೆಲ್ರೀ?" ಎಂದರು ಅಕ್ಕ.

ಅಣ್ಣ ಹಣೆ ಚಚ್ಚಿಕೊಂಡರು. "ಅಯ್ಯೋ ಶಿವ್ನೇ! ಬಡಿಸೋ ಭರದಲ್ಲಿ ಊಟ ಮಾಡೋದೇ ಮರ್ತೆ!"

ಇಂಟರ್ವಲ್‌ವರೆಗೂ ಅವರು ನಕ್ಕರು. ಅಕ್ಕ ನಗಲಿಲ್ಲ. "ಊರೋರ್ದೆಲ್ಲಾ ಓದ್ಸುದ್ರು, ತಮ್ದೊಂದ್ ಬುಟ್ರು" ಎಂದು ಗುಬ್ಬಿ ಬಸ್ ಹತ್ತುವವರೆಗೂ ಗೊಣಗಿದರು. "ಮುಂದಿನ ಸಿನಿಮಾದಲ್ಲಿ ಮೊದಲು ನಿಮ್ಮದೇ ಅಣ್ಣ" ಎಂದು ಹುಡುಗರು ಮಾತು ಕೊಟ್ಟರು. ಅವರು ಮತ್ತೆ ಸಿನಿಮಾ ತೆಗೆಯಲಿಲ್ಲ.

ಹೋದ ವರ್ಷ ಅಣ್ಣ ಲಿಂಗೈಕ್ಯರಾದರು. ನಾನೀಗ ಟಿ.ವಿ. ಧಾರಾವಾಹಿಗಳಿಗೆ ಟೈಟಲ್ ಮಾಡುತ್ತೇನೆ. ಅಲ್ಲಿ ಹೆಸರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಓಡುತ್ತವೆ. ಅಣ್ಣನ ಉತ್ತರಕ್ರಿಯೆಯ ಶಿವಗಣಾರಾಧನೆಯ ದಿನ ಸಮುದಾಯ ಭವನದಲ್ಲಿ ದೊಡ್ಡದೊಂದು ಪರದೆ ಹಾಕಿಸಿ ಅಣ್ಣನ ಫೋಟೊಗಳನ್ನು ತೋರಿಸಿದೆವು. ಅದಕ್ಕೆ ಮೊದಲು ಅವರದೇ ಕೆರೆ, ಅವರದೇ ಅಕ್ಷರ. ನೀರು ಕೊಡವಿಕೊಂಡು ಒಂದೇ ಹೆಸರು ಎದ್ದು ಬಂದು ನಿಂತಿತು. ನಾನು ಅದನ್ನು ಅಲ್ಲಾಡಿಸಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಗಿರಿಜಕ್ಕ ಕತ್ತೆತ್ತಿ ಪರದೆ ನೋಡಿದರು. ಆಮೇಲೆ ಗಟ್ಟಿಯಾಗಿ, "ರು... ದ್ರೇ... ಶ" ಎಂದರು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಇನ್ನೊಂದ್ಸಲ ಹಾಕೋ. ಅವ್ರಿಗೆ ಕೇಳಿಸ್ತೋ ಇಲ್ವೋ."